ಸಹಿ ಉಳಿಯಿತು, ಹೆಸರು ಮರೆಯಿತು

ಕಳೆದ ಸಂಚಿಕೆಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ಸಂದರ್ಭಕ್ಕೆಂದು ಸೆಪ್ಟೆಂಬರ್ 17ರ ಕುರಿತು ಬರೆಯುವಾಗ ಒಂದು ಸಾಲನ್ನು ಸೇರಿಸಿದ್ದೆ. 1948ರಲ್ಲಿ ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಪಡೆದ ದಿನಾಂಕದಂದೇ, 1787ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ 39 ಮಂದಿ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದರು ಎಂಬುದೇ ಆ ಸಾಲು. ಇದು ಕೇವಲ ಕಾಕತಾಳೀಯ. ಆದರೂ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಓದುಗರು ಅದನ್ನೇ ಹಿಡಿದುಕೊಂಡು ಪತ್ರ ಬರೆದಿದ್ದಾರೆ. ಅಮೆರಿಕವನ್ನು ಕಟ್ಟಿದವರಲ್ಲಿ ವಾಷಿಂಗ್ಟನ್, ಜೆಫರ್ಸನ್, ಫ್ರಾಂಕ್ಲಿನ್ ಅವರ ವಿಷಯ ಪಠ್ಯಪುಸ್ತಕದಲ್ಲಿದೆ, ಉಳಿದವರು ಯಾರು ಎಂಬುದು ಬಹುತೇಕ ಎಲ್ಲ ಪತ್ರಗಳ ಒಳಗಿನ ಪ್ರಶ್ನೆ. ಈ ಸಂಚಿಕೆಯನ್ನು ಪೂರ್ತಿಯಾಗಿ ಅವರಿಗೇ ಮೀಸಲಿಡುತ್ತಿದ್ದೇನೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ನಂತರ ಮಕ್ಕಳು ಸಂವಿಧಾನ ಪೀಠಿಕೆಯನ್ನು ಓದುತ್ತಾರೆ. ‘ಭಾರತದ ಪ್ರಜೆಗಳಾದ ನಾವು’ ಎಂಬ ಆರಂಭದ ರೀತಿ ಅಮೆರಿಕದಿಂದ ಬಂದದ್ದೆಂದು ಹಿರಿಯ ಶಿಕ್ಷಕರೊಬ್ಬರು ಹೇಳಿದರು. ಅಲ್ಲಿ ಅದನ್ನು ಬರೆದವರು ಯಾರೆಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು, ನನಗೆ ಉತ್ತರ ತಿಳಿದಿರಲಿಲ್ಲ. ದಯವಿಟ್ಟು ತಿಳಿಸಿ, ಗುರುಗಳೇ.
(ಪ್ರೌಢಶಾಲಾ ಶಿಕ್ಷಕಿ, ಶಹಾಪುರ)

ಉತ್ತರ: ಆ ಹುಡುಗಿಗೆ ಗವರ್ನೀರ್ ಮಾರಿಸ್ ಎಂಬ ಹೆಸರನ್ನು ಹೇಳಿರಿ. ಗವರ್ನೀರ್ ಎಂಬುದು ಹುದ್ದೆಯಲ್ಲ, ಅವರ ತಾಯಿಯ ತವರುಮನೆಯ ಹೆಸರು. 1752ರಲ್ಲಿ ನ್ಯೂಯಾರ್ಕಿನ ಶ್ರೀಮಂತ ಜಮೀನ್ದಾರರ ಮನೆಯಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ಬಲಗೈಯನ್ನು ಕುದಿಯುವ ನೀರಿನಿಂದ ಸುಟ್ಟುಕೊಂಡರು. 1780ರಲ್ಲಿ ಫಿಲಡೆಲ್ಫಿಯಾದಲ್ಲಿ ಕುದುರೆಗಾಡಿಯ ಅಪಘಾತಕ್ಕೆ ಸಿಕ್ಕಿ ಎಡಗಾಲನ್ನು ಕಳೆದುಕೊಂಡು, ಅಲ್ಲಿಂದ ಮುಂದೆ ಮರದ ಕಾಲಿನಲ್ಲಿಯೇ ನಡೆದರು. 1787ರ ಸಂವಿಧಾನ ಸಮಾವೇಶದಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಎದ್ದು ನಿಂತು ಮಾತಾಡಿದ ಸದಸ್ಯರೂ ಇವರೇ.

ಸಮಾವೇಶ ಮುಗಿಯುತ್ತ ಬಂದಾಗ, ಸೆಪ್ಟೆಂಬರ್ 8ರಂದು, ಒಪ್ಪಿತವಾದ ವಿಷಯಗಳನ್ನೆಲ್ಲ ಅಚ್ಚುಕಟ್ಟಾದ ಭಾಷೆಗೆ ತರಲು ಐವರ ಸಮಿತಿಯೊಂದನ್ನು ನೇಮಿಸಲಾಯಿತು. ಬರವಣಿಗೆಯ ಭಾರ ಮಾರಿಸ್ ಅವರ ಮೇಲೆ ಬಿತ್ತು. ನಾಲ್ಕೇ ದಿನಗಳಲ್ಲಿ ಅವರು 23 ಅನುಚ್ಛೇದಗಳ ಕರಡನ್ನು ಏಳಕ್ಕೆ ಇಳಿಸಿದರು. ಅದಕ್ಕಿಂತ ಮುಖ್ಯವಾದದ್ದು ಪೀಠಿಕೆಯಲ್ಲಿ ನಡೆಯಿತು. ಹಿಂದಿನ ಕರಡಿನಲ್ಲಿಯೂ ‘ಜನರಾದ ನಾವು’ ಎಂಬ ಮಾತಿತ್ತು, ಆದರೆ ಅದರ ಬೆನ್ನಿಗೆ ನ್ಯೂ ಹ್ಯಾಂಪ್‌ಶೈರಿನಿಂದ ಹಿಡಿದು ಜಾರ್ಜಿಯಾದವರೆಗೆ ಹದಿಮೂರು ರಾಜ್ಯಗಳ ಹೆಸರು ಸಾಲಾಗಿ ಬರುತ್ತಿದ್ದವು. ಮಾರಿಸ್ ಆ ಹದಿಮೂರೂ ಹೆಸರುಗಳನ್ನು ತೆಗೆದುಹಾಕಿ ‘ಸಂಯುಕ್ತ ಸಂಸ್ಥಾನಗಳ ಜನರಾದ ನಾವು’ ಎಂದಷ್ಟೇ ಉಳಿಸಿದರು. ಇದಕ್ಕೆ ಪ್ರಾಯೋಗಿಕ ಕಾರಣವೂ ಇತ್ತು. ರೋಡ್ ಐಲೆಂಡ್ ರಾಜ್ಯ ಪ್ರತಿನಿಧಿಗಳನ್ನೇ ಕಳುಹಿಸಿರಲಿಲ್ಲ, ಒಂಬತ್ತು ರಾಜ್ಯಗಳು ಒಪ್ಪಿದರೆ ಸಂವಿಧಾನ ಜಾರಿಗೆ ಬರುವುದೆಂದು ನಿರ್ಧಾರವಾಗಿತ್ತು, ಆ ಒಂಬತ್ತು ಯಾವುವೆಂದು ಮೊದಲೇ ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಆದರೆ ಹೆಸರುಗಳು ಹೋದೊಡನೆ ಅರ್ಥವೇ ಬದಲಾಯಿತು: ಅದುವರೆಗೆ ರಾಜ್ಯರಾಜ್ಯಗಳ ನಡುವಿನ ಕರಾರಿನಂತೆ ಕಾಣುತ್ತಿದ್ದ ಪತ್ರ, ಒಂದೇ ಜನಸಮುದಾಯ ತಾನಾಗಿ ಬರೆದುಕೊಂಡ ಪತ್ರವಾಯಿತು. ವರ್ಜೀನಿಯಾದ ಪ್ಯಾಟ್ರಿಕ್ ಹೆನ್ರಿ ಮರುವರ್ಷವೇ ಇದನ್ನು ಗುರುತಿಸಿ, ‘ರಾಜ್ಯಗಳಾದ ನಾವು’ ಎನ್ನುವ ಬದಲು ‘ಜನರಾದ ನಾವು’ ಎನ್ನಲು ಇವರಿಗೆ ಅಧಿಕಾರ ಕೊಟ್ಟವರು ಯಾರೆಂದು ಸಿಟ್ಟಿನಿಂದ ಕೇಳಿದರು. ವಿರೋಧಿಗಳೇ ಇಷ್ಟು ಸ್ಪಷ್ಟವಾಗಿ ಗುರುತಿಸಿದ ಬದಲಾವಣೆಯನ್ನು ಕೇವಲ ಭಾಷೆಯ ತಿದ್ದುಪಡಿ ಎಂದು ನಾನು ಒಪ್ಪಲಾರೆ. ನಮ್ಮ ಪೀಠಿಕೆಯ ಆಶಯಕ್ಕೆ 1946ರ ಡಿಸೆಂಬರ್ 13ರಂದು ನೆಹರೂ ಅವರು ಮಂಡಿಸಿದ ಧ್ಯೇಯ ನಿರ್ಣಯವೇ ತಳಹದಿ. ಜನರನ್ನೇ ಮೊದಲಿಗೆ ನಿಲ್ಲಿಸಿ ಮಾತು ಆರಂಭಿಸುವ ಕ್ರಮ ಮಾತ್ರ ಅಲ್ಲಿಯದು.

ಗುಲಾಮಗಿರಿಯನ್ನು ಆ ಸಭೆಯಲ್ಲಿ ಅತ್ಯಂತ ಕಟುವಾಗಿ ಖಂಡಿಸಿದವರಲ್ಲಿ ಮಾರಿಸ್ ಒಬ್ಬರು. ದಕ್ಷಿಣದ ರಾಜ್ಯಗಳು ತಮ್ಮ ಗುಲಾಮರನ್ನು ಜನಸಂಖ್ಯೆಯಲ್ಲಿ ಎಣಿಸಿ ಹೆಚ್ಚು ಸ್ಥಾನ ಪಡೆಯಲು ಹೊರಟಾಗ, ಆಗಸ್ಟ್ 8ರಂದು ಅವರು ಕೇಳಿದ ಪ್ರಶ್ನೆ ಹೀಗಿತ್ತು: ಅವರು ಮನುಷ್ಯರೋ? ಹಾಗಿದ್ದರೆ ಪೌರರನ್ನಾಗಿ ಮಾಡಿ ಮತ ಹಾಕಲು ಬಿಡಿ. ಆಸ್ತಿಯೋ? ಹಾಗಿದ್ದರೆ ಬೇರೆ ಆಸ್ತಿಯನ್ನೇಕೆ ಎಣಿಸುವುದಿಲ್ಲ? ಸ್ವತಂತ್ರರನ್ನು ಮಾತ್ರ ಎಣಿಸಬೇಕೆಂಬ ಅವರ ಸೂಚನೆಯ ಪರವಾಗಿ ನಿಂತದ್ದು ನ್ಯೂಜೆರ್ಸಿ ಒಂದೇ. ಇದೇ ಮನುಷ್ಯ ಮತದ ಹಕ್ಕು ಜಮೀನುಳ್ಳವರಿಗೆ ಮಾತ್ರ ಇರಬೇಕೆಂದೂ ವಾದಿಸಿದ್ದರು ಎಂಬುದನ್ನು ಮಕ್ಕಳಿಗೆ ಮುಚ್ಚಿಡಬೇಡಿ. ‘ಜನರಾದ ನಾವು’ ಎಂದು ಬರೆದ ಕೈ ಆ ಜನರಲ್ಲಿ ಬಡವರನ್ನು ಪೂರ್ತಿಯಾಗಿ ನಂಬಿರಲಿಲ್ಲ. ಬರೆದ ಮಾತು ಬರೆದವರನ್ನು ಮೀರಿ ನಡೆಯಿತು ಎಂಬುದನ್ನು ಎಂಟನೆಯ ತರಗತಿಯ ಹುಡುಗಿ ಚೆನ್ನಾಗಿಯೇ ಅರ್ಥ ಮಾಡಿಕೊಳ್ಳುತ್ತಾಳೆ.

ಪ್ರಶ್ನೆ: ಸಂವಿಧಾನಕ್ಕೆ ಸಹಿ ಹಾಕಿ, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಒಬ್ಬರು ಸಾಲ ತೀರಿಸಲಾಗದೆ ಸೆರೆಮನೆ ಸೇರಿದರಂತೆ. ನಮ್ಮ ತರಗತಿಯಲ್ಲಿ ಯಾರೂ ನಂಬುತ್ತಿಲ್ಲ. ಇದು ನಿಜವೇ?
(ಕಾನೂನು ವಿದ್ಯಾರ್ಥಿ, ಕಲಬುರಗಿ)

ಉತ್ತರ: ನಿಜ. ಅದೂ ಒಂದು ಸಲವಲ್ಲ, ಎರಡು ಸಲ. ಅವರೇ ಜೇಮ್ಸ್ ವಿಲ್ಸನ್. ಸ್ಕಾಟ್‌ಲೆಂಡಿನ ಫೈಫ್ ಪ್ರಾಂತ್ಯದಲ್ಲಿ 1742ರಲ್ಲಿ ಹುಟ್ಟಿ, 1765ರಲ್ಲಿ ಅಮೆರಿಕಕ್ಕೆ ಬಂದು, ಫಿಲಡೆಲ್ಫಿಯಾದಲ್ಲಿ ಜಾನ್ ಡಿಕಿನ್ಸನ್ ಅವರ ಬಳಿ ವಕೀಲಿಯನ್ನು ಕಲಿತರು. 1776ರ ಸ್ವಾತಂತ್ರ್ಯ ಘೋಷಣೆ ಮತ್ತು ಸಂವಿಧಾನ ಎರಡಕ್ಕೂ ಸಹಿ ಹಾಕಿದವರು ಆರೇ ಮಂದಿ, ಅವರಲ್ಲಿ ವಿಲ್ಸನ್ ಒಬ್ಬರು. ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೆಂದು ಆ ಸಭೆಯಲ್ಲಿ ಒತ್ತಿ ಹೇಳಿದವರು ಇವರು. ಅದು ಒಪ್ಪಿಗೆಯಾಗದಿದ್ದಾಗ ಜನ ಆರಿಸಿದ ಮತದಾರರ ಮಂಡಲದ ಮೂಲಕ ಆರಿಸುವ ಸಲಹೆಯನ್ನು ಮುಂದಿಟ್ಟರು, ಅದರ ಒಂದು ರೂಪ ಇಂದಿಗೂ ನಡೆಯುತ್ತಿದೆ. ಪ್ರತಿ ಐವರು ಗುಲಾಮರನ್ನು ಮೂವರೆಂದು ಎಣಿಸುವ ಕುಖ್ಯಾತ ಸೂತ್ರವನ್ನು 1787ರ ಜೂನ್ 11ರಂದು ಸಭೆಯ ಮುಂದಿಟ್ಟವರೂ ಇವರೇ. ದಕ್ಷಿಣದವರನ್ನು ಹೇಗಾದರೂ ಒಳಗಿಟ್ಟುಕೊಳ್ಳಬೇಕೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಲೆಕ್ಕಾಚಾರ ಅರ್ಥವಾಗುತ್ತದೆ, ಕ್ಷಮೆಗೆ ಅರ್ಹವೆಂದು ನನಗೆ ಅನ್ನಿಸುವುದಿಲ್ಲ.

ವಾಷಿಂಗ್ಟನ್ ಅವರು 1789ರಲ್ಲಿ ನೇಮಿಸಿದ ಮೊದಲ ಆರು ನ್ಯಾಯಮೂರ್ತಿಗಳಲ್ಲಿ ವಿಲ್ಸನ್ ಇದ್ದರು. ಆದರೆ ಪಶ್ಚಿಮದ ಜಮೀನುಗಳ ಬೆಲೆ ಏರುತ್ತದೆಂಬ ನಂಬಿಕೆಯಿಂದ ಸಾಲದ ಮೇಲೆ ಸಾಲ ಮಾಡಿ ಎಕರೆಗಳ ಮೇಲೆ ಎಕರೆ ಕೊಳ್ಳುತ್ತ ಹೋದರು. 1790ರ ದಶಕದ ಕೊನೆಯಲ್ಲಿ ಹಣದ ಮಾರುಕಟ್ಟೆ ಕುಸಿದಾಗ ಕೊಳ್ಳುವವರಿಲ್ಲದೆ ಜಮೀನು ಉಳಿಯಿತು, ಸಾಲ ಕೊಟ್ಟವರು ಬಾಗಿಲಿಗೆ ಬಂದರು. 1797ರಲ್ಲಿ ನ್ಯೂಜೆರ್ಸಿಯ ಬರ್ಲಿಂಗ್ಟನ್ ಊರಿನಲ್ಲಿ ಸೆರೆಯಾದಾಗ ಅವರ ಮಗ ಹಣ ಹೊಂದಿಸಿ ಬಿಡಿಸಿದ. ಅಲ್ಲಿಂದ ತಪ್ಪಿಸಿಕೊಂಡು ನಾರ್ತ್ ಕೆರೋಲಿನಾಕ್ಕೆ ಹೋದರೆ ಅಲ್ಲಿಯೂ ಬಂಧನ. ಎರಡನೆಯ ಸಲ ಹಿಡಿಸಿದವರು, ಸಾಲ ಕೊಟ್ಟಿದ್ದ ಪಿಯರ್ಸ್ ಬಟ್ಲರ್, ಹನ್ನೊಂದು ವರ್ಷಗಳ ಹಿಂದೆ ಅದೇ ಸಂವಿಧಾನದ ಹಾಳೆಯ ಮೇಲೆ ವಿಲ್ಸನ್ ಅವರೊಂದಿಗೆ ಸಹಿ ಹಾಕಿದವರು. ಬಿಡುಗಡೆಯಾದ ಮೇಲೆ ಈಡೆಂಟನ್ ಎಂಬ ಊರಿನ ನ್ಯಾಯಾಲಯದ ಪಕ್ಕದ ಛತ್ರದಲ್ಲಿ, ಮಲೇರಿಯಾದಿಂದ ಬಳಲಿ, ಎಳೆಯ ವಯಸ್ಸಿನ ಎರಡನೆಯ ಪತ್ನಿಯ ಆರೈಕೆಯಲ್ಲಿ, 1798ರ ಆಗಸ್ಟ್ 21ರಂದು ತೀರಿಕೊಂಡರು. ಆ ಕ್ಷಣದಲ್ಲಿಯೂ ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೇ. ಪರಿಚಿತರೊಬ್ಬರ ತೋಟದಲ್ಲಿ ಹೂಳಿದ್ದ ದೇಹವನ್ನು ಫಿಲಡೆಲ್ಫಿಯಾಕ್ಕೆ ತಂದು ಗೌರವದಿಂದ ಮಣ್ಣು ಮಾಡಿದ್ದು 1906ರಲ್ಲಿ, ಎಂದರೆ 108 ವರ್ಷಗಳ ನಂತರ.

ಅದೇ 1798ರಲ್ಲಿ ಫಿಲಡೆಲ್ಫಿಯಾದ ಸಾಲಗಾರರ ಸೆರೆಮನೆಯಲ್ಲಿ ರಾಬರ್ಟ್ ಮಾರಿಸ್ ಎಂಬ ಇನ್ನೊಬ್ಬ ಸಹಿದಾರರಿದ್ದರು. ಇವರಿಗೂ ಗವರ್ನೀರ್ ಮಾರಿಸ್ ಅವರಿಗೂ ರಕ್ತಸಂಬಂಧವಿಲ್ಲ, ಒಟ್ಟಿಗೆ ಕೆಲಸ ಮಾಡಿದವರು ಅಷ್ಟೇ. ಲಿವರ್‌ಪೂಲಿನಲ್ಲಿ ಹುಟ್ಟಿ ದೊಡ್ಡ ವ್ಯಾಪಾರಿಯಾಗಿ ಬೆಳೆದ ಇವರು 1781ರಲ್ಲಿ ಹಣಕಾಸಿನ ಹೊಣೆ ಹೊತ್ತಾಗ ಸರ್ಕಾರದ ಖಜಾನೆ ಬರಿದಾಗಿತ್ತು. ತಮ್ಮ ಹೆಸರಿನ ಮೇಲೆಯೇ ಹುಂಡಿಗಳನ್ನು ಹೊರಡಿಸಿ ಸೈನ್ಯಕ್ಕೆ ಊಟ, ಸಂಬಳ, ಸಾಗಣೆ ಒದಗಿಸಿದರು, ಬ್ರಿಟಿಷರ ವಿರುದ್ಧ ಯಾರ್ಕ್‌ಟೌನಿನ ನಿರ್ಣಾಯಕ ಗೆಲುವು ಅದರಿಂದ ಸಾಧ್ಯವಾಯಿತು. ಅವರ ಸಂಸ್ಥೆ ಗುಲಾಮರ ವ್ಯಾಪಾರದಲ್ಲಿಯೂ ಕೈಯಾಡಿಸಿತ್ತು. ಅವರನ್ನೂ ಮುಳುಗಿಸಿದ್ದು ಜಮೀನಿನ ಹುಚ್ಚೇ. ಮೂರೂವರೆ ವರ್ಷ ಒಳಗಿದ್ದು, 1800ರ ದಿವಾಳಿ ಕಾನೂನಿನ ಆಧಾರದ ಮೇಲೆ 1801ರಲ್ಲಿ ಹೊರಬಂದರು. ಒಳಗಿದ್ದಾಗ ಒಂದು ದಿನ ಜಾರ್ಜ್ ವಾಷಿಂಗ್ಟನ್ ಸೆರೆಮನೆಗೇ ಬಂದು ಅವರೊಡನೆ ಕುಳಿತು ಊಟ ಮಾಡಿ ಹೋದರು. ವಾಷಿಂಗ್ಟನ್ ಅವರ ಕುರಿತು ನಾನು ಓದಿದ ಎಲ್ಲದರಲ್ಲಿ ಈ ಊಟವೇ ನನಗೆ ಹೆಚ್ಚು ಪ್ರಿಯವಾದದ್ದು.

ಕಾನೂನು ಓದುವ ನಿಮಗೆ ಒಂದು ಮಾತು. ಸಾಲಕ್ಕಾಗಿ ಸಿವಿಲ್ ಸೆರೆಗೆ ಕಳುಹಿಸುವ ಅವಕಾಶ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇಂದಿಗೂ ಇದೆ. ಆದರೆ ತೀರಿಸುವ ಶಕ್ತಿಯೇ ಇಲ್ಲದ ಬಡವನನ್ನು, ಅವನಲ್ಲಿ ದುರುದ್ದೇಶವಿಲ್ಲದಿರುವಾಗ, ಸಾಲಕ್ಕಾಗಿ ಸೆರೆಗೆ ತಳ್ಳುವುದು ಸಂವಿಧಾನದ 21ನೆಯ ವಿಧಿಗೆ ಒಪ್ಪದೆಂದು ನಮ್ಮ ಸುಪ್ರೀಂ ಕೋರ್ಟು 1980ರಲ್ಲಿ ತೀರ್ಪು ಕೊಟ್ಟಿದೆ. ತೊಗರಿಯ ಬೆಲೆ ಬಿದ್ದ ವರ್ಷ ಸಾಲದ ನೋಟಿಸು ಮನೆಗೆ ಬಂದರೆ ಏನಾಗುತ್ತದೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ತೀರ್ಪನ್ನು ಹುಡುಕಿ ಓದಿ.

ಪ್ರಶ್ನೆ: ನಮ್ಮ ಊರಿನಲ್ಲಿ ಸಮಗಾರ ಹರಳಯ್ಯನವರ ಹೆಸರು ಹೇಳದ ಮನೆಯಿಲ್ಲ. ಅಮೆರಿಕವನ್ನು ಕಟ್ಟಿದವರಲ್ಲಿ ಕೈಕೆಲಸದಿಂದ ಬಂದವರು ಯಾರಾದರೂ ಇದ್ದರೇ, ಅಥವಾ ಎಲ್ಲರೂ ಜಮೀನ್ದಾರರೇ?
(ನಿವೃತ್ತ ಅಂಚೆ ನೌಕರರು, ಬಸವಕಲ್ಯಾಣ)

ಉತ್ತರ: ಇದ್ದರು, ಅದೂ ಮೆಟ್ಟು ಹೊಲಿಯುವ ಕಾಯಕದಿಂದಲೇ ಬಂದವರು. ರೋಜರ್ ಶರ್ಮನ್ 1721ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿ, ತಂದೆಯಿಂದ ಆ ಕೆಲಸವನ್ನು ಕಲಿತು, ತಂದೆ ತೀರಿದ ಮೇಲೆ ಕನೆಕ್ಟಿಕಟ್ಟಿಗೆ ಬಂದು ನೆಲೆಸಿದರು. ಕಾಲೇಜಿನ ಮುಖ ಕಾಣದೆ ತಾವಾಗಿಯೇ ಗಣಿತ ಕಲಿತು ಜಮೀನು ಅಳೆಯುವವರಾದರು, ಪಂಚಾಂಗಗಳನ್ನು ಪ್ರಕಟಿಸಿದರು, 1754ರಲ್ಲಿ ವಕೀಲರಾದರು. 1774ರ ವಸಾಹತುಗಳ ಒಕ್ಕೂಟದ ಪತ್ರ, 1776ರ ಸ್ವಾತಂತ್ರ್ಯ ಘೋಷಣೆ, ಒಕ್ಕೂಟದ ಮೊದಲ ಕರಾರು, 1787ರ ಸಂವಿಧಾನ, ಈ ನಾಲ್ಕಕ್ಕೂ ಸಹಿ ಹಾಕಿದವರು ಇವರೊಬ್ಬರೇ. ಒಂದು ಸದನದಲ್ಲಿ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ, ಇನ್ನೊಂದರಲ್ಲಿ ಪ್ರತಿ ರಾಜ್ಯಕ್ಕೂ ಸಮಾನ ಸ್ಥಾನ ಎಂಬ ರಾಜಿಸೂತ್ರದ ಹಿಂದೆ ಮುಖ್ಯವಾಗಿ ನಿಂತವರೂ ಇವರೇ. 1787ರ ಜುಲೈ 16ರಂದು ಅದು ಅಂಗೀಕಾರವಾಗದಿದ್ದರೆ ಸಮಾವೇಶ ಮುರಿದುಬೀಳುವ ಹಂತದಲ್ಲಿತ್ತು.

ಹರಳಯ್ಯನವರೊಂದಿಗೆ ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. ಶರ್ಮನ್ ಅವರ ಕೆಲಸವನ್ನು ಅಲ್ಲಿಯ ಉಳ್ಳವರು ಸಣ್ಣದೆಂದು ಬಗೆದಿರಬಹುದು, ಆದರೆ ಆ ಕೆಲಸ ಮಾಡಿದ್ದಕ್ಕಾಗಿ ಅವರನ್ನು ಯಾರೂ ಊರ ಹೊರಗೆ ಇಟ್ಟಿರಲಿಲ್ಲ, ಮುಟ್ಟಲು ಹಿಂಜರಿದಿರಲಿಲ್ಲ. ಕಾಯಕ ಒಂದೇ ಆದರೂ ಹರಳಯ್ಯನವರು ದಾಟಬೇಕಾಗಿದ್ದ ಗೋಡೆ ಶರ್ಮನ್ ಅವರ ಮುಂದೆ ಇರಲಿಲ್ಲ.

ಇನ್ನೊಂದು ಸಂಗತಿ ನಮ್ಮ ಭಾಗಕ್ಕೆ ಹತ್ತಿರವಾದದ್ದು. ಅಮೆರಿಕದ ಸಂವಿಧಾನಕ್ಕೆ ಹಕ್ಕುಗಳ ತಿದ್ದುಪಡಿಗಳನ್ನು ಸೇರಿಸುವಾಗ, ಅವುಗಳನ್ನು ಮಂಡಿಸಿದ ಜೇಮ್ಸ್ ಮ್ಯಾಡಿಸನ್ ಅವರು ಮೂಲಪಠ್ಯದ ಒಳಗೆ ಅಲ್ಲಲ್ಲಿ ಹೆಣೆಯಲು ಬಯಸಿದ್ದರು. ಸಹಿ ಹಾಕಿದವರು ಒಪ್ಪಿದ ಪಠ್ಯವನ್ನು ಮುಟ್ಟಬಾರದು, ತಿದ್ದುಪಡಿಗಳೆಲ್ಲ ಕೊನೆಯಲ್ಲಿ ಪ್ರತ್ಯೇಕವಾಗಿ ಬರಲಿ ಎಂದು ಶರ್ಮನ್ ಹಟ ಹಿಡಿದು ಗೆದ್ದರು. ಅದಕ್ಕಾಗಿಯೇ ಅಲ್ಲಿಯ ಸಂವಿಧಾನದಲ್ಲಿ ಮೂಲಪಠ್ಯ ಮೊದಲಿಗೆ, ತಿದ್ದುಪಡಿಗಳು ಆಮೇಲೆ. ನಾವು ಇನ್ನೊಂದು ದಾರಿ ಹಿಡಿದೆವು. 2012ರ 98ನೆಯ ತಿದ್ದುಪಡಿಯ ಮೂಲಕ ನಮ್ಮ ಭಾಗಕ್ಕೆ ಬಂದ 371(ಜೆ) ವಿಧಿ ಸಂವಿಧಾನದ ನಡುವೆಯೇ ಸೇರಿಕೊಂಡಿದೆ. ಶರ್ಮನ್ ಅವರ ಕ್ರಮವಿದ್ದಿದ್ದರೆ ಅದನ್ನು ಕಟ್ಟಕಡೆಯ ಪುಟಗಳಲ್ಲಿ ಹುಡುಕಬೇಕಾಗುತ್ತಿತ್ತು.

ಪ್ರಶ್ನೆ: ಒಂದು ಮತಕ್ಕಾಗಿ ರಾತ್ರಿಯಿಡೀ ಪ್ರಯಾಣ ಮಾಡಿದ ಪ್ರತಿನಿಧಿ ಯಾರು?
(ಓದುಗರು, ಸುರಪುರ)

ಉತ್ತರ: ಡೆಲವೇರ್ ವಸಾಹತಿನ ಸೀಸರ್ ರಾಡ್ನಿ. ಅವರ ಜೊತೆಯ ಇಬ್ಬರು ಪ್ರತಿನಿಧಿಗಳಲ್ಲಿ ಒಬ್ಬರು ಸ್ವಾತಂತ್ರ್ಯದ ಪರ, ಒಬ್ಬರು ವಿರುದ್ಧ, ಹೀಗಾಗಿ ವಸಾಹತಿನ ಮತ ನಿರ್ಧಾರವಾಗದೆ ನಿಂತಿತ್ತು. ಸುದ್ದಿ ತಿಳಿದೊಡನೆ ಹೊರಟು, ಗುಡುಗು ಮಳೆಯಲ್ಲಿ, ಹೆಚ್ಚುಕಡಿಮೆ ಕಲಬುರಗಿಯಿಂದ ಬೀದರಿಗೆ ಇರುವಷ್ಟು ದೂರವನ್ನು ಕ್ರಮಿಸಿ, 1776ರ ಜುಲೈ 2ರಂದು ಫಿಲಡೆಲ್ಫಿಯಾ ತಲುಪಿ ಮತ ಹಾಕಿದರು. ಆಗ ಅವರ ಮುಖಕ್ಕೆ ಕ್ಯಾನ್ಸರ್ ಆಗಿತ್ತು. 1784ರಲ್ಲಿ ತೀರಿಕೊಂಡರು.

ಪ್ರಶ್ನೆ: ಸಹಿ ಹಾಕಲು ಒಪ್ಪದವರೂ ಇದ್ದರೇ? ಅವರನ್ನು ದೇಶದ್ರೋಹಿಗಳೆಂದು ಕರೆಯಲಿಲ್ಲವೇ?
(ಪದವಿ ವಿದ್ಯಾರ್ಥಿನಿ, ಬೀದರ)

ಉತ್ತರ: ಇದ್ದರು, ಮತ್ತು ಮರೆವಿಗೆ ಸಂದವರಲ್ಲಿ ಅವರದೇ ಮೊದಲ ಸಾಲು. ಸಹಿಗಳ ಪಟ್ಟಿಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಸಹಿ ನಿರಾಕರಿಸಿದ್ದಕ್ಕೆ ಪಟ್ಟಿ ಇರುವುದಿಲ್ಲ. ಜಾನ್ ಡಿಕಿನ್ಸನ್ ಅವರನ್ನು ನೋಡಿ. ಬ್ರಿಟಿಷರ ತೆರಿಗೆಗಳ ವಿರುದ್ಧ 1767 ಮತ್ತು 1768ರಲ್ಲಿ ರೈತನೊಬ್ಬನ ಪತ್ರಗಳೆಂಬ ರೂಪದಲ್ಲಿ ಅವರು ಬರೆದ ಲೇಖನಗಳು ವಸಾಹತುಗಳಲ್ಲೆಲ್ಲ ಓದಿಸಿಕೊಂಡವು. ಆದರೆ ವಿದೇಶಗಳ ಬೆಂಬಲ, ಒಳಗಿನ ಒಗ್ಗಟ್ಟು ಎರಡೂ ಗಟ್ಟಿಯಾಗದೆ ಸ್ವಾತಂತ್ರ್ಯ ಘೋಷಿಸುವುದು ಅಪಾಯವೆಂದು ಅವರ ಅಭಿಪ್ರಾಯ. ಬಹುಮತಕ್ಕೆ ಅಡ್ಡಿಯಾಗದಿರಲೆಂದು ಜುಲೈ 2ರ ಮತದಾನಕ್ಕೆ ಬರದೆ ಉಳಿದರು, ಘೋಷಣೆಗೆ ಸಹಿಯನ್ನೂ ಹಾಕಲಿಲ್ಲ. ಬೆನ್ನಿಗೇ ತಮ್ಮ ಸೇನಾತುಕಡಿಯೊಂದಿಗೆ ಬ್ರಿಟಿಷರನ್ನು ಎದುರಿಸಲು ಹೊರಟುಹೋದರು. ತಾವು ಒಪ್ಪದ ನಿರ್ಧಾರಕ್ಕಾಗಿ ಪ್ರಾಣ ಕೊಡಲು ಸಿದ್ಧರಾದವರನ್ನು ಹೇಡಿಗಳೆನ್ನುವುದು ಅನ್ಯಾಯ. ಮುಂದಿನ ವರ್ಷಗಳಲ್ಲಿ ತಮ್ಮ ಗುಲಾಮರನ್ನೂ ಬಿಡುಗಡೆ ಮಾಡಿದರು.

ಇನ್ನೊಬ್ಬರು ವರ್ಜೀನಿಯಾದ ಜಾರ್ಜ್ ಮೇಸನ್. 1776ರ ಜೂನಿನಲ್ಲಿ ಅಂಗೀಕಾರವಾದ ವರ್ಜೀನಿಯಾದ ಹಕ್ಕುಗಳ ಘೋಷಣೆ ಮುಖ್ಯವಾಗಿ ಇವರ ಕೈಬರಹದ್ದು. ಸಂವಿಧಾನದಲ್ಲಿಯೂ ಅಂಥ ಹಕ್ಕುಗಳ ಪಟ್ಟಿ ಇರಲೆಂದು 1787ರ ಸೆಪ್ಟೆಂಬರ್ 12ರಂದು ಕೇಳಿದಾಗ ಒಂದೇ ಒಂದು ರಾಜ್ಯವೂ ಜೊತೆಗೆ ನಿಲ್ಲಲಿಲ್ಲ. ಈಗಿರುವ ರೂಪದಲ್ಲಿ ಇದಕ್ಕೆ ಸಹಿ ಹಾಕುವುದಕ್ಕಿಂತ ಬಲಗೈಯನ್ನೇ ಕಡಿದುಕೊಂಡೇನು ಎಂದು ಅವರು ಹೇಳಿದ್ದು ಅದಕ್ಕೂ ಮೊದಲೇ. ಎಡ್ಮಂಡ್ ರಾಂಡಾಲ್ಫ್, ಎಲ್‌ಬ್ರಿಜ್ ಗೆರಿ ಅವರೊಡನೆ ಮೇಸನ್ ಕೂಡ ಕೊನೆಯ ದಿನ ಸಹಿ ಹಾಕದೆ ಹೊರಬಂದರು. ವಾಷಿಂಗ್ಟನ್ ಅವರೊಂದಿಗಿನ ಹಳೆಯ ಸ್ನೇಹ ಅದರಿಂದ ಕೆಟ್ಟಿತು. ಆದರೆ ಅವರು ಕೇಳಿದ ಹಕ್ಕುಗಳು ಹತ್ತು ತಿದ್ದುಪಡಿಗಳಾಗಿ 1791ರ ಡಿಸೆಂಬರ್ 15ರಂದು ಜಾರಿಗೆ ಬಂದವು, ಮರುವರ್ಷ ಮೇಸನ್ ತೀರಿಕೊಂಡರು. ಗುಲಾಮರ ಒಡೆಯನಾದ ಪ್ರತಿಯೊಬ್ಬನೂ ಹುಟ್ಟಾ ಸರ್ವಾಧಿಕಾರಿ ಎಂದು ಅದೇ ಸಭೆಯಲ್ಲಿ ನುಡಿದ ಮೇಸನ್, ತಮ್ಮ ತೋಟದ ಗುಲಾಮರನ್ನು ಮಾತ್ರ ಕೊನೆಯವರೆಗೂ ಬಿಡುಗಡೆ ಮಾಡಲಿಲ್ಲ. ಎರಡನ್ನೂ ಒಟ್ಟಿಗೆ ಓದಿಕೊಳ್ಳಬೇಕು, ಒಂದನ್ನು ಮುಂದಿಟ್ಟು ಇನ್ನೊಂದನ್ನು ಅಳಿಸಬಾರದು.

ಪ್ರಶ್ನೆ: ಜೆಫರ್ಸನ್ ಅವರ ಗುರುಗಳನ್ನು ವಿಷ ಹಾಕಿ ಕೊಂದರೆಂದು ಓದಿದೆ. ಕೊಂದವನಿಗೆ ಶಿಕ್ಷೆಯಾಯಿತೇ?
(ವಕೀಲರು, ಯಾದಗಿರಿ)

ಉತ್ತರ: ಕೊಲೆಗೆ ಶಿಕ್ಷೆಯಾಗಲಿಲ್ಲ. ಗುರುಗಳ ಹೆಸರು ಜಾರ್ಜ್ ವಿತ್. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು. 1779ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಅಮೆರಿಕದ ಮೊದಲ ಕಾನೂನು ಪ್ರಾಧ್ಯಾಪಕರಾದರು. ಜೆಫರ್ಸನ್ ಮಾತ್ರವಲ್ಲ, ಮುಂದೆ ಮುಖ್ಯ ನ್ಯಾಯಮೂರ್ತಿಯಾದ ಜಾನ್ ಮಾರ್ಷಲ್ ಕೂಡ ಅವರ ಶಿಷ್ಯರು. ವೃದ್ಧಾಪ್ಯದಲ್ಲಿ ರಿಚ್‌ಮಂಡ್ ನಗರದ ನ್ಯಾಯಾಧೀಶರಾಗಿದ್ದಾಗ ಅವರ ಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದವರು ಲಿಡಿಯಾ ಬ್ರಾಡ್‌ನ್ಯಾಕ್ಸ್ ಎಂಬ ಕಪ್ಪು ಮಹಿಳೆ. ವಿತ್ ಅವರೇ ಹಿಂದೆ ಆಕೆಯನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಿದ್ದರು. ಮೈಕಲ್ ಬ್ರೌನ್ ಎಂಬ ಸ್ವತಂತ್ರ ಕಪ್ಪು ಹುಡುಗನೂ ಅಲ್ಲಿದ್ದ, ವಿತ್ ಅವನಿಗೆ ತಾವೇ ಗ್ರೀಕ್ ಮತ್ತು ಲ್ಯಾಟಿನ್ ಕಲಿಸುತ್ತಿದ್ದರು. ಉಯಿಲಿನಲ್ಲಿ ಈ ಹುಡುಗನಿಗೂ ಪಾಲಿತ್ತು. ಉಳಿದ ಆಸ್ತಿಯ ಬಹುಭಾಗ ತಂಗಿಯ ಮೊಮ್ಮಗ ಜಾರ್ಜ್ ಸ್ವೀನಿಗೆ ಸೇರಬೇಕಿತ್ತು. ಅವನು ಅದಾಗಲೇ ಅಜ್ಜನ ಹೆಸರಿನಲ್ಲಿ ಖೋಟಾ ಚೆಕ್ಕು ಬರೆಯುತ್ತಿದ್ದ.

1806ರ ಮೇ 25ರ ಬೆಳಿಗ್ಗೆ ಸ್ವೀನಿ ಅಡುಗೆಮನೆಗೆ ಬಂದು, ಕಾಫಿಯನ್ನು ಬಗ್ಗಿಸಿಕೊಂಡು ಕುಡಿದು, ಕೈಯಲ್ಲಿದ್ದ ಚಿಕ್ಕ ಬಿಳಿಯ ಕಾಗದವನ್ನು ಒಲೆಗೆ ಹಾಕಿ ಹೋದದ್ದನ್ನು ಲಿಡಿಯಾ ನೋಡಿದ್ದಳು. ಆಮೇಲೆ ಅದೇ ಕಾಫಿಯನ್ನು ಕುಡಿದ ವಿತ್, ಮೈಕಲ್, ಲಿಡಿಯಾ ಮೂವರೂ ಕೆಲವೇ ಹೊತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದರು. ಹುಡುಗ ಜೂನ್ 1ರಂದು ಸತ್ತ. ವಿತ್ ಮೊಮ್ಮಗನ ಹೆಸರನ್ನು ಉಯಿಲಿನಿಂದ ಹೊಡೆದುಹಾಕುವಷ್ಟು ಕಾಲ ಬದುಕಿದ್ದು, ಜೂನ್ 8ರಂದು ತೀರಿಕೊಂಡರು. ಬದುಕಿ ಉಳಿದದ್ದು ಲಿಡಿಯಾ ಒಬ್ಬಳೇ.

ಆಕೆಯೇ ಪ್ರತ್ಯಕ್ಷದರ್ಶಿ. ಆದರೆ ಬಿಳಿಯರ ವಿರುದ್ಧ ಕಪ್ಪು ಜನರು ಸಾಕ್ಷಿ ಹೇಳುವಂತಿಲ್ಲವೆಂದು ವರ್ಜೀನಿಯಾದ ಕಾನೂನು ಹೇಳುತ್ತಿತ್ತು, ಆಕೆ ಸ್ವತಂತ್ರಳಾಗಿದ್ದರೂ ಸರಿಯೇ. ಸ್ವೀನಿಯ ಪರ ವಾದಿಸಿದವರಲ್ಲಿ ಒಬ್ಬರು, ಸಂವಿಧಾನಕ್ಕೆ ಸಹಿ ನಿರಾಕರಿಸಿದವರೆಂದು ಮೇಲೆ ಹೆಸರಿಸಿದ ಎಡ್ಮಂಡ್ ರಾಂಡಾಲ್ಫ್. ಕಾನೂನನ್ನೇ ಜೀವನವಿಡೀ ಕಲಿಸಿದ ಗುರುವಿನ ಕೊಲೆಯ ಮೊಕದ್ದಮೆಯಲ್ಲಿ ಕಾನೂನೇ ಸಾಕ್ಷಿಯ ಬಾಯಿ ಮುಚ್ಚಿತು, ಆರೋಪಿ ಕೊಲೆಯ ಆಪಾದನೆಯಿಂದ ಬಿಡುಗಡೆಯಾದ. ಮನುಷ್ಯರೆಲ್ಲರೂ ಹುಟ್ಟಿನಿಂದ ಸ್ವತಂತ್ರರೆಂದು ಅದೇ ವರ್ಷ ವಿತ್ ಒಂದು ಗುಲಾಮಗಿರಿಯ ಪ್ರಕರಣದಲ್ಲಿ ಬರೆದಿದ್ದರು. ಮೇಲಿನ ನ್ಯಾಯಾಲಯ ಆ ಕುಟುಂಬದ ಬಿಡುಗಡೆಯನ್ನು ಒಪ್ಪಿಕೊಂಡಿತು, ಆದರೆ ವಿತ್ ಅವರ ಆ ತರ್ಕವನ್ನು ಕಪ್ಪು ಜನರಿಗೆ ಅನ್ವಯಿಸಲು ನಿರಾಕರಿಸಿತು.

ವಿಷದ ನಂತರ ಲಿಡಿಯಾಳ ಕಣ್ಣು ಮಂಜಾಯಿತು. ಮರುವರ್ಷ ಆಕೆ ತನ್ನ ಕಷ್ಟವನ್ನು ತಿಳಿಸಿ, ಆಗ ರಾಷ್ಟ್ರಾಧ್ಯಕ್ಷರಾಗಿದ್ದ ಜೆಫರ್ಸನ್ ಅವರಿಗೆ ನೆರವು ಕೋರಿ ಪತ್ರ ಬರೆದಳು. ಅವರು ಹಣ ಕಳುಹಿಸಿದರು.